ಸೌದೆ ಮಾರಾಟಕ್ಕೆ ಹೈಬ್ರಿಡ್ ಪಾಪ್ಲರ್ ಹಾಕಬಹುದಾ? ಬೆಳೆದವರು ಹೇಳಿ

ಪ್ರಶ್ನೆ, ಕುಣಿಗಲ್ ಕಡೆಯಿಂದ: ಎರಡು ಎಕರೆ ಕೆಂಪು ಭೂಮಿ ಇದೆ. ಮಳೆಯೇ ಗತಿ. ಹೈಬ್ರಿಡ್ ಪಾಪ್ಲರ್ ಅಂತ ಬೇಗ ಬೆಳೆಯುವ ಮಿಶ್ರತಳಿ ಮರ ಹಾಕಿ, ಸೌದೆಯನ್ನು ಇಂಧನವಾಗಿ ಬಳಸುವ ಬಯೋಮಾಸ್ ಫ್ಯಾಕ್ಟರಿಗೆ ಮಾರಿ, ಸಸಿ ನಾವೇ ಕೊಡ್ತೀವಿ ಅಂತ ಒಬ್ಬರು ಬಂದು ಹೇಳಿದ್ದಾರೆ. ಅನುಭವ ಇರುವವರು ದಯವಿಟ್ಟು ತಿಳಿಸಿ.

ಯಮುನಾನಗರದಲ್ಲಿ ಕೆಲಸ ಮಾಡಿದವರು: ಹರಿಯಾಣದ ಆ ಕಡೆ ಎಲ್ಲಿ ನೋಡಿದರೂ ಪಾಪ್ಲರೇ, ಸರ್. ಚಳಿಗೆ ಎಲೆ ಪೂರ್ತಿ ಉದುರಿ ಮರ ಬೋಳಾಗುತ್ತದೆ, ಕೆಳಗಿನ ಗೋಧಿಗೆ ಬಿಸಿಲು ಸಿಗುತ್ತದೆ. ಜನವರಿ, ಫೆಬ್ರವರಿಯಲ್ಲಿ, ಚಿಗುರುವ ಮೊದಲೇ, ಒಂದು ಮೀಟರ್ ಆಳದ ಗುಂಡಿಗೆ ಸಸಿ ಇಳಿಸುತ್ತಾರೆ. ಬೇಸಿಗೆಯಲ್ಲಿ ನೀರು ತಪ್ಪಿಸುವಂತಿಲ್ಲ. ನಮ್ಮ ಕಡೆ ಆ ಚಳಿಯೂ ಇಲ್ಲ, ಆ ನೀರೂ ಇಲ್ಲ. ಅಲ್ಲಿನ ರೈತರು 6-7 ವರ್ಷಕ್ಕೆ ಕಡಿದು ದಿಮ್ಮಿಯನ್ನು ಪ್ಲೈವುಡ್‌ಗೆ ಕೊಡುತ್ತಾರೆ. ದುಡ್ಡು ಬರುವುದು ಅದರಿಂದ. ಸೌದೆಗೆ ಹೋಗುವುದು ಕೊಂಬೆ, ಬೇರು ಮಾತ್ರ.

ಅಮೆರಿಕದ ಮಿನ್ನೆಸೋಟದಿಂದ: ಇಲ್ಲಿ ಸೌದೆಗಂತಲೇ ಹೈಬ್ರಿಡ್ ಪಾಪ್ಲರ್ ಹಾಕುವವರಿದ್ದಾರೆ. ನಾನೂ ಮನೆ ಹಿಂದೆ ಹಾಕಿದ್ದೇನೆ. ಪೆನ್ಸಿಲ್ ದಪ್ಪದ ಗೇಣುದ್ದದ ಕಡ್ಡಿ. ಒಂದು ಕಣ್ಣು ಮೇಲೆ ಬಿಟ್ಟು ಮಣ್ಣಿಗೆ ಚುಚ್ಚಿದರೆ ಸಾಕು, ಬೇರು ಬಿಡುತ್ತದೆ. ಆದರೆ ಮೊದಲ ಎರಡು ವರ್ಷ ಕಳೆ ಬಿಟ್ಟರೆ ಮೇಲೇಳುವುದೇ ಇಲ್ಲ. ಜಿಂಕೆಗಳ ಕಾಟ ಬೇರೆ.

ಕೊರಟಗೆರೆ ತಾಲ್ಲೂಕಿನಿಂದ: ಅಣ್ಣಾ, ಪಾಪ್ಲರ್ ಬಿಡಿ. ನಮ್ಮ ಕಬ್ಬಿಗೆರೆಯಲ್ಲಿ ಸೌದೆಯಿಂದ ಕರೆಂಟ್ ಮಾಡುವ ಘಟಕ ಬಂದಿತ್ತಲ್ವಾ? ಒಂದು ಯೂನಿಟ್ ಕರೆಂಟ್‌ಗೆ ಹೆಚ್ಚುಕಡಿಮೆ ಒಂದೂಕಾಲು ಕೆಜಿ ಒಣ ಸೌದೆ ಬೇಕು. ಒಣ ಅನ್ನುವ ಮಾತು ಮುಖ್ಯ. ಆಗ ತಾನೇ ಕಡಿದ ಸೌದೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರುತ್ತದೆ. ಕೊಳ್ಳುವವರು ಯಾರೇ ಇರಲಿ, ಹಸಿ ತೂಕಕ್ಕೋ ಒಣ ತೂಕಕ್ಕೋ ಅಂತ ಮೊದಲೇ ಬರೆಸಿಕೊಳ್ಳಿ.

ನೀಲಗಿರಿ ಹಾಕುವುದನ್ನು 2017ರಲ್ಲೇ ಸರ್ಕಾರ ನಿಷೇಧಿಸಿತು. ಸರ್ವೆ ಮರ ಕಡಿದರೆ ಮತ್ತೆ ಚಿಗುರುವುದು ಕಷ್ಟ. ನಾನು ನಂಬಿರುವುದು ಗೊಬ್ಬರದ ಗಿಡವನ್ನು, ಅದೇ ಗ್ಲಿರಿಸಿಡಿಯ. ಬದುವಿನ ಉದ್ದಕ್ಕೂ ಇದೆ. ಸೊಂಟದೆತ್ತರಕ್ಕೆ, ಓರೆಯಾಗಿ, ಹರಿತವಾದ ಮಚ್ಚಿನಿಂದ ಒಂದೇ ಏಟಿಗೆ ಕಡಿಯಬೇಕು. ಸಿಪ್ಪೆ ಸೀಳಿದರೆ ಆ ಕಡೆ ಕೊಳೆಯುತ್ತದೆ. ಆಮೇಲೆ ಒಂದು ಬುಡಕ್ಕೆ ಹತ್ತಾರು ಚಿಗುರು ಬರುತ್ತವೆ. ಗಟ್ಟಿಯಾದ ಮೂರ್ನಾಲ್ಕು ಉಳಿಸಿ, ಮಿಕ್ಕಿದ್ದನ್ನು ಮುರಿದು ಹಾಕಿ. ಸೊಪ್ಪು ತೆಂಗಿನ ಬುಡಕ್ಕೆ, ಕಡ್ಡಿ ಸೌದೆಗೆ. ಒಣಗಿದೆಯಾ ಅಂತ ನೋಡಲು ಎರಡು ಕಡ್ಡಿ ತಾಗಿಸಿ. ಠಣ್ ಅನ್ನಬೇಕು.

ಕುಣಿಗಲ್: ತುಂಬಾ ಉಪಕಾರ ಆಯ್ತು. ಪಾಪ್ಲರ್ ಸಸಿ ಬೇಡ ಅಂತ ಹೇಳಿಬಿಡುತ್ತೇನೆ. ಗೊಬ್ಬರದ ಗಿಡಕ್ಕೆ ಕಡ್ಡಿ ನೆಡಲಾ, ಬೀಜ ಹಾಕಲಾ?

ಕೊರಟಗೆರೆ: ನೀರಿಲ್ಲದ ಭೂಮಿ ಅಂದಿರಲ್ಲ, ಬೀಜವೇ ಹಾಕಿ. ಬೇರು ಆಳಕ್ಕೆ ಹೋಗುತ್ತದೆ. ಬೇಸಿಗೆಯಲ್ಲಿ ನಮ್ಮ ಹೊಲಕ್ಕೇ ಬನ್ನಿ, ಎಷ್ಟು ಬೇಕೋ ಅಷ್ಟು ಕೊಡ್ತೀನಿ. ಕಾಯಿ ಕಂದು ಬಣ್ಣಕ್ಕೆ ತಿರುಗುತ್ತಿದ್ದ ಹಾಗೇ ಬರಬೇಕು. ತಡ ಮಾಡಿದರೆ ಸಿಡಿದು ಹೋಗುತ್ತವೆ.