ಫ್ಲೈಟ್ ಟಿಕೆಟ್ ಈಗ್ಲೇ ಬುಕ್ ಮಾಡ್ಲಾ, ಇನ್ನೂ ಸ್ವಲ್ಪ ದಿನ ಕಾಯ್ಲಾ?

ಕಿಟಕಿಸೀಟು:
ಎಲ್ರಿಗೂ ನಮಸ್ಕಾರ. ಮನೆಯವ್ರು ನಾಲ್ಕು ಜನ ಫಾರಿನ್ ಟ್ರಿಪ್ ಹೋಗೋದು ಅಂತ ಆಗಿದೆ, ಹೊರಡೋಕೆ ಇನ್ನೂ ಮೂರೂವರೆ ತಿಂಗಳಿದೆ, ಡೇಟು ಎರಡು ಮೂರು ದಿನ ಹಿಂದೆ ಮುಂದೆ ಆದ್ರೂ ನಡೆಯುತ್ತೆ ಆದ್ರೆ ವಾರ ಬದಲಾಯಿಸೋಕೆ ಆಗಲ್ಲ. ಈಗ ದಿನಾ ಎದ್ದ ತಕ್ಷಣ ನೋಡೋದೇ ಫೇರು. ಒಂದಿನ ಏರಿರುತ್ತೆ, ಮಾರನೇ ದಿನ ಇಳಿದಿರುತ್ತೆ, ತಲೆಬುಡ ಅರ್ಥ ಆಗ್ತಿಲ್ಲ. ಒಬ್ರು ಮಂಗಳವಾರ ರಾತ್ರಿ ಬುಕ್ ಮಾಡು ಅಂತಾರೆ, ಇನ್ನೊಬ್ರು ಇನ್‌ಕಾಗ್ನಿಟೋ (ಬ್ರೌಸರಿನ ಪ್ರೈವೇಟ್ ವಿಂಡೋ) ದಲ್ಲೇ ನೋಡು ಇಲ್ದಿದ್ರೆ ನೀನು ಮತ್ತೆ ಮತ್ತೆ ಹುಡುಕ್ತಿರೋದು ಗೊತ್ತಾಗಿ ರೇಟ್ ಏರಿಸ್ತಾರೆ ಅಂತಾರೆ, ಮತ್ತೊಬ್ರು ಕೊನೇ ವಾರದಲ್ಲಿ ಖಾಲಿ ಸೀಟು ಅರ್ಧ ರೇಟಿಗೆ ಬಿಡ್ತಾರೆ ತಾಳು ಅಂತಾರೆ. ಗೊತ್ತಿರೋರು ದಯವಿಟ್ಟು ಅಡ್ಡಗೋಡೆ ಮೇಲೆ ದೀಪ ಇಡ್ದೆ ಹೇಳಿ, ತಗೊಳ್ಳೋದಾ ಬೇಡ್ವಾ?

ಬಾಲಂಗೋಚಿ:
ಕೊನೇ ವಾರದ ಕಥೆ ಮೊದ್ಲು ತಲೆಯಿಂದ ತೆಗೀರಿ ಸಾರ್. ಕೊನೇ ವಾರದಲ್ಲಿ ಟಿಕೆಟ್ ತಗೊಳ್ಳೋರು ಯಾರು? ಆಫೀಸ್ ಕೆಲಸದ ಮೇಲೆ ಹೋಗೋರು, ಇಲ್ಲಾ ಏನೋ ತುರ್ತು ಬಂದೋರು. ಅವ್ರು ಎಷ್ಟು ಹೇಳಿದ್ರೂ ಕೊಡ್ತಾರೆ ಅಂತ ಏರ್‌ಲೈನ್‌ಗೆ ಚೆನ್ನಾಗಿ ಗೊತ್ತು, ಅವ್ರಿಗೋಸ್ಕರಾನೇ ಕೆಲವು ಸೀಟು ಎತ್ತಿಟ್ಟಿರ್ತಾರೆ. ಅದರಲ್ಲಿ ಒಂದಷ್ಟು ಖಾಲಿ ಹೋದ್ರೂ ತಲೆ ಕೆಡಿಸ್ಕೊಳ್ಳಲ್ಲ, ಒಂದ್ಸಲ ಕೊನೇ ಗಳಿಗೇಲಿ ಕಮ್ಮಿಗೆ ಬಿಟ್ರೆ ಮುಂದಿನ ಸಲದಿಂದ ಎಲ್ರೂ ಕೈಕಟ್ಟಿ ಕೂತು ಕಾಯ್ತಾರಲ್ಲ. ಅಪ್ಪಿತಪ್ಪಿ ಸಿಗಬಹುದು, ಸಿಗಲ್ಲ ಅನ್ನಲ್ಲ, ಆದ್ರೆ ನಾಲ್ಕು ಸೀಟು ಒಂದೇ ಫ್ಲೈಟಲ್ಲಿ? ಮರೆತುಬಿಡಿ.

ಹಳೇಕೌಂಟರ್:
ನಾನು ಟಿಕೆಟಿಂಗ್‌ನಲ್ಲಿ ಕೆಲಸ ಮಾಡಿದೋನು, ಸ್ವಲ್ಪ ಉದ್ದ ಆಗುತ್ತೆ, ಓದ್ಕೊಳ್ಳಿ.

ಎಕಾನಮಿ ಅಂದ್ರೆ ಎಲ್ಲಾ ಸೀಟಿಗೂ ಒಂದೇ ರೇಟು ಅಂತ ಅನ್ಕೊಂಡಿರ್ತೀವಿ, ಹಾಗಲ್ಲ. ಅದೇ ಕ್ಯಾಬಿನ್ ಒಳಗೆ ವೈ, ಬಿ, ಎಂ, ಕೆ, ಕ್ಯೂ ಅಂತ ಒಂದೊಂದು ಅಕ್ಷರ ಕೊಟ್ಟು ಬುಕಿಂಗ್ ಕ್ಲಾಸ್ ಮಾಡಿರ್ತಾರೆ, ಬಕೆಟ್ ಅಂತೀವಿ. ವೈ ಸಾಮಾನ್ಯವಾಗಿ ಫುಲ್ ಫೇರು, ಮಿಕ್ಕಿದ ಅಕ್ಷರಗಳು ಒಂದೊಂದು ಏರ್‌ಲೈನಲ್ಲಿ ಒಂದೊಂದು ಥರ. ಕಮ್ಮಿ ಬಕೆಟಲ್ಲಿ ಇಷ್ಟೇ ಸೀಟು ಅಂತ ಇರುತ್ತೆ, ಅದು ಮುಗೀತು ಅಂದ್ರೆ ಮೇಲಿನ ಬಕೆಟಿನ ರೇಟು ಕಾಣ್ಸುತ್ತೆ. ಯಾರಾದ್ರೂ ಕ್ಯಾನ್ಸಲ್ ಮಾಡಿದ್ರೆ, ಅಥವಾ ಬುಕಿಂಗ್ ಅಂದಾಜಿಗಿಂತ ನಿಧಾನ ಇದೆ ಅನ್ಸಿದ್ರೆ ಕೆಳಗಿನ ಬಕೆಟ್ ಮತ್ತೆ ತೆಗೀತಾರೆ. ನಿಮಗೆ ದಿನಾ ಏರಿಳಿತ ಕಾಣ್ತಿರೋದು ಬಹುತೇಕ ಇದೇ.

ಇದು ಶುರುವಾಗಿದ್ದೂ ಒಂಥರಾ ಮಜಾ ಕಥೆ. 1978ರಲ್ಲಿ ಅಮೆರಿಕಾದಲ್ಲಿ ಏರ್‌ಲೈನ್ ರೇಟಿನ ಮೇಲಿದ್ದ ಸರ್ಕಾರದ ಹಿಡಿತ ತೆಗೆದ್ರು, ಪೀಪಲ್ ಎಕ್ಸ್‌ಪ್ರೆಸ್ ಅನ್ನೋ ಕಂಪನಿ ಭಾರಿ ಕಮ್ಮಿ ರೇಟಿಗೆ ಹಾರಿಸೋಕೆ ಶುರು ಮಾಡ್ತು. ಅಮೆರಿಕನ್ ಏರ್‌ಲೈನ್ಸ್ ಎಲ್ಲಾ ಸೀಟಿನ ರೇಟೂ ಇಳಿಸಿದ್ರೆ ತಾನೇ ಮುಳುಗ್ತಿತ್ತು, ಅದಕ್ಕೆ 1985ರಲ್ಲಿ ಏನು ಮಾಡಿದ್ರು ಅಂದ್ರೆ, ಮುಂಚೆನೇ ಬುಕ್ ಮಾಡೋರಿಗೆ ಮಾತ್ರ, ಲೆಕ್ಕದ ಸೀಟು ಮಾತ್ರ ಅವರಷ್ಟೇ ಕಮ್ಮಿಗೆ ಕೊಟ್ಟು ಉಳಿದ ಸೀಟು ದುಡ್ಡಿರೋರಿಗೆ ಇಟ್ಕೊಂಡ್ರು. ಎಷ್ಟು ಸೀಟು ಇಡಬೇಕು ಅಂತ ಕಂಪ್ಯೂಟರ್ ಲೆಕ್ಕ ಹಾಕ್ತಿತ್ತು. ಪೀಪಲ್ ಎಕ್ಸ್‌ಪ್ರೆಸ್ 1986ರಲ್ಲೇ ಇನ್ನೊಂದು ಕಂಪನಿ ಕೈಗೆ ಹೋಯ್ತು. ಇವತ್ತು ನಾವು ಒದ್ದಾಡ್ತಿರೋದು ಆ ಲೆಕ್ಕದ ಜೊತೇನೇ.

ಆ "ಮುಂಚೆ" ಅನ್ನೋ ಷರತ್ತು ಈಗ್ಲೂ ಇದೆ. ಎಷ್ಟೋ ಫೇರಿಗೆ ಹೊರಡೋಕೆ 21 ದಿನ, 14 ದಿನ, 7 ದಿನ ಮುಂಚೆನೇ ಟಿಕೆಟ್ ಆಗಿರ್ಬೇಕು ಅಂತ ರೂಲ್ ಇರುತ್ತೆ, ಆ ಗೆರೆ ದಾಟಿದ ದಿನ ರೇಟು ಧಡ್ ಅಂತ ಮೇಲೆ ಹೋಗುತ್ತೆ. ಹಾಗಂತ ಹನ್ನೊಂದು ತಿಂಗಳ ಮುಂಚೆ ಸೀಟು ಓಪನ್ ಆದ ದಿನವೇ ತಗೊಂಡ್ರೆ ಕಮ್ಮಿ ಅಂತಾನೂ ಇಲ್ಲ, ಅವಾಗ ಅವ್ರಿಗೇನು ಅರ್ಜೆಂಟು? ಇಂಟರ್‌ನ್ಯಾಷನಲ್‌ಗೆ ಎರಡರಿಂದ ಐದು ತಿಂಗಳು ಇದೆ ಅನ್ನೋವಾಗ ನೋಡೋದು ಒಳ್ಳೇದು, ರಜೆ ಸೀಸನ್ ಆದ್ರೆ ಇನ್ನೂ ಮುಂಚೆ. ನೀವು ಸರಿಯಾದ ಟೈಮಲ್ಲೇ ಇದ್ದೀರ.

ಇನ್ನೊಂದು, ನಾಲ್ಕು ಜನ ಅಂದ್ರಲ್ಲ, ಒಬ್ಬರಿಗೆ ಅಂತ ಹಾಕಿ ಒಂದ್ಸಲ ಹುಡುಕಿ ನೋಡಿ. ಕಮ್ಮಿ ಬಕೆಟಲ್ಲಿ ಎರಡೇ ಸೀಟು ಉಳಿದಿದ್ರೆ, ನಾಲ್ಕು ಕೇಳಿದಾಗ ಸಿಸ್ಟಮ್ ಸಾಮಾನ್ಯವಾಗಿ ನಾಲ್ಕಕ್ಕೂ ಮೇಲಿನ ಬಕೆಟ್ ರೇಟೇ ಹಾಕುತ್ತೆ.

ಲೆಕ್ಕದಮೇಷ್ಟ್ರು:
ಹಳೇಕೌಂಟರ್ ಅವ್ರು ಚೆನ್ನಾಗಿ ಹೇಳಿದ್ರು. ಮಂಗಳವಾರದ್ದು ನಾನು ಹೇಳ್ತೀನಿ. ಏರ್‌ಲೈನ್‌ಗಳು ಫೇರನ್ನ ಎಟಿಪಿಸಿಓ ಅನ್ನೋ ಸಂಸ್ಥೆ ಮೂಲಕ ಎಲ್ಲಾ ಕಡೆ ಹಂಚ್ತಾರೆ, ಒಬ್ರು ಸೇಲ್ ಹಾಕಿದ್ರೆ ಮಿಕ್ಕವ್ರು ನೋಡಿ ತಾವೂ ಇಳಿಸ್ತಾರೆ. ಹಿಂದೆ ಇದೆಲ್ಲ ನಿಧಾನಕ್ಕೆ ಆಗ್ತಿತ್ತು, ವಾರದ ಶುರುವಲ್ಲಿ ಸೇಲ್ ಬಿಟ್ರೆ ಮಂಗಳವಾರದ ಹೊತ್ತಿಗೆ ಎಲ್ರದ್ದೂ ಇಳಿದಿರ್ತಿತ್ತು ಅಂತ ಹೇಳ್ತಾರೆ. ಈಗ ದಿನಕ್ಕೆ ಎಷ್ಟೋ ಸಲ ಅಪ್‌ಡೇಟ್ ಆಗುತ್ತೆ, ಮಂಗಳವಾರ ರಾತ್ರಿ ಅಲಾರಂ ಇಟ್ಕೊಂಡು ಏಳೋದು ಬೇಡ. ಬುಕ್ ಮಾಡೋ ದಿನ ಅಲ್ಲ ರೀ, ಹಾರೋ ದಿನ ಮುಖ್ಯ. ಶುಕ್ರವಾರ ಭಾನುವಾರ ಬಿಟ್ಟು ಮಂಗಳವಾರ ಬುಧವಾರ ಹೊರಟು ನೋಡಿ, ವಾಪಸ್ ಬರೋದೂ ಹಾಗೇ.

ಇನ್‌ಕಾಗ್ನಿಟೋದ್ದು ಬರೀ ನಂಬಿಕೆ. ನೀವು ಎರಡನೇ ಸಲ ನೋಡಿದಾಗ ರೇಟು ಏರಿದ್ರೆ ಸಾಮಾನ್ಯವಾಗಿ ಸೀಟು ಹೋಗಿರುತ್ತೆ, ಇಲ್ಲಾ ಮೊದ್ಲು ತೋರ್ಸಿದ್ದೇ ಹಳೇ ರೇಟು ಆಗಿರುತ್ತೆ.

ರೇಟು ಏರುತ್ತಾ ಇಳಿಯುತ್ತಾ ಅಂತ ಭವಿಷ್ಯ ಹೇಳೋ ಸಾಫ್ಟ್‌ವೇರೂ ಬಂದಿತ್ತು, ಫೇರ್‌ಕ್ಯಾಸ್ಟ್ ಅಂತ, ವಾಷಿಂಗ್ಟನ್ ಯೂನಿವರ್ಸಿಟಿ ಪ್ರೊಫೆಸರ್ ಓರೆನ್ ಎಟ್ಜಿಯೋನಿ ಅವ್ರದ್ದು. 2008ರಲ್ಲಿ ಮೈಕ್ರೋಸಾಫ್ಟ್ ಕೊಂಡ್ಕೊಳ್ತು, 2014ರಲ್ಲಿ ಆ ಭವಿಷ್ಯ ಹೇಳೋ ಭಾಗ ನಿಲ್ಸಿಬಿಡ್ತು. ಈಗ ಗೂಗಲ್ ಫ್ಲೈಟ್ಸ್‌ನಲ್ಲಿ ಈ ರೂಟಿಗೆ ಇದು ಕಮ್ಮಿನಾ, ಮಾಮೂಲಾ, ಜಾಸ್ತಿನಾ ಅಂತ ಎಷ್ಟೋ ರೂಟಿಗೆ ತೋರ್ಸುತ್ತೆ, ಅಷ್ಟು ಸಾಕು. ರೇಟು ಬದಲಾದ್ರೆ ತಿಳಿಸೋ ಅಲರ್ಟ್ ಇಟ್ಕೊಳ್ಳಿ, ದಿನಾ ನೋಡೋದು ನಿಲ್ಸಿ.

ಕಿಟಕಿಸೀಟು:
ಅಯ್ಯೋ ನಿಜ! ಒಬ್ರಿಗೆ ಅಂತ ಹಾಕಿದ್ರೆ ಕಮ್ಮಿ, ಇಬ್ರಿಗೂ ಅದೇ ರೇಟು, ಮೂರು ಅಂದ ತಕ್ಷಣ ಎಲ್ರಿಗೂ ಏರ್ತಿದೆ. ಹಾಗಿದ್ರೆ ಎರಡು ಎರಡು ಅಂತ ಬೇರೆ ಬೇರೆ ಬುಕ್ ಮಾಡ್ಲಾ? ಏನಾದ್ರೂ ತೊಂದ್ರೆ ಇದ್ಯಾ? ಗೂಗಲ್‌ನಲ್ಲಿ ಮಾಮೂಲಿಗಿಂತ ಸ್ವಲ್ಪ ಕಮ್ಮಿ ಅಂತಾನೇ ತೋರಿಸ್ತಿದೆ.

ಬಾಲಂಗೋಚಿ:
ಕಮ್ಮಿ ಅಂತ ತೋರಿಸ್ತಿದ್ಮೇಲೆ ಇನ್ಯಾಕೆ ಮೀನಮೇಷ, ತಗೊಳ್ಳಿ ಸಾರ್. ಆದ್ರೆ ಲಗೇಜು ಸೇರಿದ್ಯಾ ನೋಡಿ, ಕೆಲವು ಕಡೆ ಟಿಕೆಟ್ ಕಮ್ಮಿ ಇಟ್ಟು ಬ್ಯಾಗಿಗೆ, ಸೀಟಿಗೆ, ಎಲ್ಲಕ್ಕೂ ಬೇರೆ ಬೇರೆ ಕೀಳ್ತಾರೆ, ಕೊನೆಗೆ ಪಕ್ಕದ ದುಬಾರಿ ಟಿಕೆಟೇ ವಾಸಿ ಅನ್ಸುತ್ತೆ.

ಹಳೇಕೌಂಟರ್:
ಮಾಡಬಹುದು, ಆದ್ರೆ ಪಿಎನ್‌ಆರ್ ಎರಡಾಗುತ್ತೆ ಅನ್ನೋದು ನೆನಪಿರ್ಲಿ. ಫ್ಲೈಟ್ ಕ್ಯಾನ್ಸಲ್ ಆಗಿ ಬೇರೆದಕ್ಕೆ ಹಾಕೋವಾಗ ನೀವೆಲ್ಲ ಒಟ್ಟಿಗೆ ಇದ್ದೀರಾ ಅಂತ ಸಿಸ್ಟಮ್‌ಗೆ ಗೊತ್ತಾಗಲ್ಲ, ಇಬ್ರು ಇವತ್ತು ಇಬ್ರು ನಾಳೆ ಅಂತ ಆಗಬಹುದು. ಮಕ್ಕಳಿದ್ರೆ ಎರಡೂ ಬುಕಿಂಗ್‌ನಲ್ಲಿ ಒಬ್ಬೊಬ್ರು ದೊಡ್ಡವ್ರು ಇರ್ಲೇಬೇಕು. ಬುಕ್ ಆದ್ಮೇಲೆ ಏರ್‌ಲೈನ್‌ಗೆ ಫೋನ್ ಮಾಡಿ ಎರಡೂ ಪಿಎನ್‌ಆರ್‌ಗೆ ಒಂದಕ್ಕೊಂದು ರಿಮಾರ್ಕ್ ಹಾಕ್ಸಿ. ಉಳಿಯೋದು ಸ್ವಲ್ಪವೇ ಅಂದ್ರೆ ನಾನಾದ್ರೆ ಒಂದೇ ಪಿಎನ್‌ಆರ್‌ನಲ್ಲಿ ಮಾಡ್ತಿದ್ದೆ.

ಆಮೇಲೆ ಫೇರ್ ರೂಲ್ಸ್ ಓದಿ, ಪೂರ್ತಿ ಅಲ್ಲ, ಕ್ಯಾನ್ಸಲ್ ಮತ್ತು ಡೇಟ್ ಚೇಂಜ್ ಭಾಗ ಮಾತ್ರ. ಅಮೆರಿಕಾಕ್ಕೆ ಹೋಗೋ ಬರೋ ಫ್ಲೈಟಾದ್ರೆ, ಏರ್‌ಲೈನ್ ಹತ್ರಾನೇ ನೇರವಾಗಿ, ಹೊರಡೋಕೆ ಒಂದು ವಾರಕ್ಕಿಂತ ಮುಂಚೆ ತಗೊಂಡಿದ್ರೆ 24 ಗಂಟೆ ಒಳಗೆ ಪೂರ್ತಿ ದುಡ್ಡು ವಾಪಸ್ ಸಿಗುತ್ತೆ, ಇಲ್ಲಾಂದ್ರೆ ದುಡ್ಡು ಕೊಡದೇ ಅಷ್ಟು ಹೊತ್ತು ರೇಟು ಹಿಡಿದಿಡೋಕೆ ಬಿಡ್ತಾರೆ, ಎರಡರಲ್ಲಿ ಒಂದು ಕೊಡ್ಲೇಬೇಕು. ಬೇರೆ ದೇಶಗಳಲ್ಲಿ ಬೇರೆ ರೂಲು. ಯಾವ ದೇಶ ಅಂತ ಹೇಳ್ಲೇ ಇಲ್ವಲ್ಲ ನೀವು, ಹೇಳಿದ್ರೆ ಆ ರೂಟಲ್ಲಿ ಯಾವ ಲೇಓವರ್ (ಮಧ್ಯೆ ಫ್ಲೈಟ್ ಬದಲಾಯಿಸೋಕೆ ಕಾಯೋದು) ತಗೋಬಾರ್ದು ಅಂತಾನೂ ಹೇಳ್ತೀನಿ.