ಮೌಂಟನ್ ಬೈಕಿನ ಹಿಂದಿನ ಶಾಕ್‌ಗೆ 400ರ ಸ್ಪ್ರಿಂಗ್ ಗಟ್ಟಿ ಎನಿಸುತ್ತಿದೆ, 350ಕ್ಕೆ ಇಳಿಯಬಹುದೇ? ಅನುಭವ ಇದ್ದವರು ಹೇಳಿ

ತುರಹಳ್ಳಿ ಸವಾರ:
ಹೆಲ್ಮೆಟ್, ಬ್ಯಾಗು, ನೀರು ಎಲ್ಲ ಸೇರಿ ನನ್ನ ತೂಕ 75 ಕಿಲೋ. ಹಿಂಚಕ್ರದ ಟ್ರಾವೆಲ್, ಅಂದರೆ ಅದು ಮೇಲಕ್ಕೆ ಸರಿಯುವ ದೂರ, 160 ಮಿ.ಮೀ., ಶಾಕ್‌ನ ಸ್ಟ್ರೋಕ್, ಅಂದರೆ ಅದು ಕುಗ್ಗುವ ದೂರ, 65. ಗಾಳಿಯ ಬದಲು ಸುರುಳಿ ಸ್ಪ್ರಿಂಗ್ ಇರುವ ಕಾಯಿಲ್ ಶಾಕನ್ನು ಹಳೆಯದಾಗಿಯೇ ಕೊಂಡೆ, ಜೊತೆಗೆ 400 ಪೌಂಡ್‌ನ (ಒಂದಿಂಚು ಕುಗ್ಗಿಸಲು ಅಷ್ಟು ಭಾರ ಬೇಕಾದ) ಸ್ಪ್ರಿಂಗ್ ಬಂತು. ಸ್ಯಾಗ್, ಅಂದರೆ ಗಾಡಿ ಮೇಲೆ ಕುಳಿತಾಗಲೇ ಶಾಕ್ ಕುಗ್ಗುವುದು, 17 ಮಿ.ಮೀ. ಸಿಗುತ್ತಿದೆ. ಬೆಂಗಳೂರಿನ ತುರಹಳ್ಳಿ ಕಾಡಿನ ಬಂಡೆಗಳ ಮೇಲೆ ಹಿಂಚಕ್ರ ನೆಲ ಹಿಡಿಯದೆ ಪುಟಿಯುತ್ತದೆ, ಚಿಕ್ಕಮಗಳೂರಿನ ತೋಟದ ಇಳಿಜಾರಿನಲ್ಲೂ ಸ್ಟ್ರೋಕ್‌ನ ಕೊನೆಯ ಭಾಗ ಬಳಕೆಗೇ ಬರುವುದಿಲ್ಲ. 350 ಕೊಳ್ಳಲೇ, 375ಕ್ಕೆ ನಿಲ್ಲಲೇ? ಒಮ್ಮೆ ತರಿಸಿದರೆ ಹಿಂದಿರುಗಿಸುವ ದಾರಿಯಿಲ್ಲ, ಅದಕ್ಕೇ ಕೇಳುತ್ತಿದ್ದೇನೆ.

ಮಲೆನಾಡ ಇಳಿಜಾರು:
ಇಳಿಯಬೇಡಿ. ನಾನು 84 ಕಿಲೋ, ಗಾಡಿ 170 ಟ್ರಾವೆಲ್, ಸ್ಟ್ರೋಕ್ 65. 450 ಹಾಕಿಕೊಂಡು ನೆಮ್ಮದಿಯಾಗಿದ್ದೆ. ಸ್ವಲ್ಪ ಮೆತ್ತಗಿರಲಿ ಎಂದು ಎಲ್ಲರೂ ಹೇಳಿದ್ದಕ್ಕೆ ಹೊರದೇಶದಿಂದ 400 ತರಿಸಿದೆ. ಸ್ಪ್ರಿಂಗ್‌ಗೆ 9,800, ಕೊರಿಯರ್‌ಗೆ 3,400, ಕಸ್ಟಮ್ಸ್‌ಗೆ 4,150, ಅದರ ಮೇಲೆ ಕೊರಿಯರ್‌ನವರ ನಿರ್ವಹಣಾ ಶುಲ್ಕ ಬೇರೆ 708. ಒಟ್ಟು 18,058 ರೂಪಾಯಿ. ಆ 708ಕ್ಕೆ ರಸೀದಿ ಕೊಡಿ ಎಂದು ಕೇಳಿದೆ, ಇವತ್ತಿಗೂ ಬಂದಿಲ್ಲ. ಸಕಲೇಶಪುರದ ಕಡೆಯ ತೋಟದ ದಾರಿಯಲ್ಲಿ ಸಾಧಾರಣ ಮೂರಡಿಯ ಜಿಗಿತಕ್ಕೇ ಶಾಕ್ ಪೂರ್ತಿ ಕುಗ್ಗಿ ತಳ ಬಡಿಯಿತು. ಮನೆಗೆ ಬಂದು ಸ್ಪ್ರಿಂಗ್ ಬಿಚ್ಚಿ ನೋಡಿದರೆ ತಳದ ಹೊಡೆತ ತಡೆಯುವ ಬಂಪರ್ ರಬ್ಬರ್ ಎರಡು ಹೋಳು. ಅದರ ಪುಡಿ ಎಣ್ಣೆಯಲ್ಲಿ ಕಲೆತು ದಂಡದ ಸುತ್ತ ಕಪ್ಪಗೆ ಮೆತ್ತಿಕೊಂಡಿತ್ತು. ಸೀಲ್ ಕೂಡ ಹೋಗಿತ್ತು. ರಿಪೇರಿಗೆ ಮತ್ತೆ 8,500, ಇಡೀ ಮಳೆಗಾಲ ಗಾಡಿ ಗೋಡೆಗೆ ಒರಗಿ ನಿಂತಿತು. ಈಗ 450ಕ್ಕೇ ಮರಳಿದ್ದೇನೆ. ಗಟ್ಟಿ ಇದ್ದರೆ ಮೈ ನೋಯುತ್ತದೆ, ಮೆತ್ತಗಾದರೆ ದುಡ್ಡು ಹೋಗುತ್ತದೆ.

ಲೆಕ್ಕದ ಮೇಷ್ಟ್ರು:
ಇಳಿಜಾರು ಅವರೇ, ನಿಮ್ಮ ಅಂಕಿಗಳನ್ನೇ ತೆಗೆದುಕೊಳ್ಳಿ. 84 ಕಿಲೋ ಅಂದರೆ 185 ಪೌಂಡ್. ಹಿಂದಕ್ಕೆ 65 ಪ್ರತಿಶತ ಬಿತ್ತು ಎಂದರೆ 120. ಲಿವರೇಜ್, ಅಂದರೆ ಟ್ರಾವೆಲನ್ನು ಸ್ಟ್ರೋಕ್‌ನಿಂದ ಭಾಗಿಸಿದರೆ ಬರುವುದು, 2.6. ನಿಮ್ಮ 400ಕ್ಕೆ ಸ್ಯಾಗ್ ಸುಮಾರು 20 ಮಿ.ಮೀ., ಅಂದರೆ ಸ್ಟ್ರೋಕ್‌ನ 31 ಪ್ರತಿಶತ. ಕಾಯಿಲ್‌ಗೆ ಹೇಳಿ ಮಾಡಿಸಿದ ಸ್ಯಾಗ್! ತಳ ಬಡಿದ ತಪ್ಪು ಸ್ಪ್ರಿಂಗ್‌ನದಲ್ಲ. ಲಿವರೇಜ್ ಮೊದಲಿನಿಂದ ಕೊನೆಯವರೆಗೂ ಹೆಚ್ಚುಕಡಿಮೆ ಒಂದೇ ಇರುವ ಫ್ರೇಮ್‌ಗೆ ಕಾಯಿಲ್ ಹಾಕಿದರೆ ಹೀಗೇ ಆಗುವುದು, ಏರ್ ಶಾಕ್‌ನಲ್ಲಿ ಕೊನೆಗೆ ಏರುವ ಗಾಳಿಯ ಒತ್ತಡ ಅಲ್ಲಿ ಇರುವುದಿಲ್ಲವಲ್ಲ.

ನನ್ನದು ಬೇರೆಯೇ ಗೋಳು. ಸ್ಪ್ರಿಂಗ್ ಮೇಲೆ 450 ಎಂದು ಬರೆದಿತ್ತು, ಸ್ಯಾಗ್ ಮಾತ್ರ ಲೆಕ್ಕಕ್ಕೆ ತಾಳೆಯಾಗುತ್ತಿರಲಿಲ್ಲ. ಪೀಣ್ಯದಲ್ಲಿ ಗೆಳೆಯನ ವರ್ಕ್‌ಶಾಪ್ ಇದೆ. ಅಲ್ಲಿ ಪ್ರೆಸ್ಸಿನ ಕೆಳಗೆ ತೂಕದ ಯಂತ್ರವಿಟ್ಟು ಒಂದಿಂಚು ಒತ್ತಿದೆವು, ಮತ್ತೊಂದಿಂಚು ಒತ್ತಿದೆವು. ಬಂದದ್ದು 431. ಕಾರ್ಖಾನೆಯಿಂದ ಬರುವಾಗಲೇ ನಾಲ್ಕೈದು ಪ್ರತಿಶತ ಆಚೀಚೆ ಇರುತ್ತದೆ. ಹಾಗಿರುವಾಗ 350ಕ್ಕೂ 375ಕ್ಕೂ ಇರುವ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳುವವರು ಮೊದಲು ಕೈಯಲ್ಲಿರುವುದನ್ನು ಅಳೆಯಲಿ.

ಮಲೆನಾಡ ಇಳಿಜಾರು:
ಮೇಷ್ಟ್ರೇ, ಬಿದ್ದವನು ನಾನು, ಪ್ರೆಸ್ಸಿನ ಕೆಳಗಿದ್ದ ತೂಕದ ಯಂತ್ರವಲ್ಲ. ನನ್ನ ಫ್ರೇಮ್ ನೀವು ನೋಡಿಲ್ಲ, ಅದರ ಹೆಸರನ್ನೂ ಕೇಳಲಿಲ್ಲ. ಅದು ಸರಿಯಿಲ್ಲ ಎಂದು ತೀರ್ಪು ಕೊಡಲು ನಿಮಗೆ ಒಂದು ನಿಮಿಷವೂ ಬೇಕಾಗಲಿಲ್ಲ.

ಕಾವೇರಿ ಕಣಿವೆ:
ಇಲ್ಲಿ ಎಲ್ಲರೂ ಎಂಬತ್ತು ಕಿಲೋದವರೇ ಇರುವಂತಿದೆ. ನಾನು ಎಲ್ಲ ಸೇರಿ 59 ಕಿಲೋ. 160-65ರ ಗಾಡಿಗೆ ನನಗೆ ಬೇಕಿದ್ದದ್ದು 275. ಕೇಳಿದ ಕಡೆಯಲ್ಲೆಲ್ಲ 350ಕ್ಕಿಂತ ಕೆಳಗೆ ಇಲ್ಲ ಎಂದರು. ‘ಮೇಡಂ, ಪ್ರಿಲೋಡ್ ಸಡಿಲಿಸಿ ಸಾಕು’ ಎಂದು ಬುದ್ಧಿ ಬೇರೆ ಹೇಳಿದರು. ಸ್ಪ್ರಿಂಗನ್ನು ಮೊದಲೇ ಒತ್ತಿ ಹಿಡಿಯುವ ಕಾಲರ್ ತಿರುಗಿಸಿ ಸಡಿಲಿಸಿದೆ. ಸ್ಪ್ರಿಂಗ್ ಕಟಕಟ ಸದ್ದು ಮಾಡಿತೇ ಹೊರತು ಮೆತ್ತಗಾಗಲಿಲ್ಲ. ಆಗುವುದೂ ಇಲ್ಲ, ಕಾಲರ್ ತಿರುಗಿಸಿದರೆ ಬದಲಾಗುವುದು ಆರಂಭದ ಒತ್ತಡ ಮಾತ್ರ. ಕೊನೆಗೆ ಒಂದು ಅಂಗಡಿಯವರು 275 ಇದೆ ಎಂದು 7,200ಕ್ಕೆ ಕೊಟ್ಟರು. ಅದು 55 ಸ್ಟ್ರೋಕ್‌ನ ಸ್ಪ್ರಿಂಗ್! ನನ್ನ ಶಾಕ್ 65 ಎಂದು ಬಿಲ್ಲಿನಲ್ಲೇ ಬರೆದಿದ್ದಾರೆ. ಎರಡು ವಾರದಲ್ಲಿ ಸುರುಳಿಗಳು ಒಂದಕ್ಕೊಂದು ಬಡಿದು, ತಾಗಿದ ಕಡೆಯೆಲ್ಲ ಬಣ್ಣ ಎದ್ದು ಹೊಳೆಯುವ ಉಕ್ಕು ಕಾಣುತ್ತಿತ್ತು. ಹಿಂದಿರುಗಿಸಲು ಹೋದರೆ ‘ಬಳಸಿದ ಮಾಲು’ ಎಂದರು. ಸರಿಯಾದದ್ದನ್ನು ಪುಣೆಯ ಸವಾರರೊಬ್ಬರಿಂದ ಕೊಂಡೆ. ಈಗ ಬಂಡೆಯ ಮೇಲೆ ಹಿಂಚಕ್ರ ಅಂಟಿಕೊಂಡೇ ಇಳಿಯುತ್ತದೆ. ಗಟ್ಟಿ ಸ್ಪ್ರಿಂಗ್ ಹಾಕಿಕೊಂಡು ಅದನ್ನೇ ಶೌರ್ಯ ಎನ್ನುವವರ ಮಾತು ಕೇಳಬೇಡಿ.

ಗಾಳಿಯೇ ಸಾಕು:
ಈ ಇಡೀ ಚರ್ಚೆಯೇ ದಂಡ. ಏರ್ ಶಾಕ್‌ನಲ್ಲಿ ಪಂಪ್ ಹಿಡಿದು ಐದು ಪಿ.ಎಸ್.ಐ. ಇಳಿಸಿದರೆ ಮುಗಿಯಿತು. ಕಸ್ಟಮ್ಸ್ ಇಲ್ಲ, 708 ಇಲ್ಲ. ಕಾಯಿಲ್‌ನ ಭಾರವನ್ನೂ ಏರುದಾರಿಯಲ್ಲಿ ನೀವೇ ಹೊರಬೇಕು. ತುರಹಳ್ಳಿಯಂಥ ಪುಟ್ಟ ಗುಡ್ಡಕ್ಕೆ ಕಾಯಿಲ್ ಯಾಕೆ?

ತುರಹಳ್ಳಿ ಸವಾರ:
ಕೇಳಿದ್ದು ಅದಲ್ಲ, ಸರ್. ಕಾಯಿಲ್ ಕೊಂಡಾಗಿದೆ.

ಲೆಕ್ಕದ ಮೇಷ್ಟ್ರು:
ತುರಹಳ್ಳಿಯನ್ನು ಪುಟ್ಟ ಗುಡ್ಡ ಎನ್ನುವವರು ಅಲ್ಲಿನ ಬಂಡೆ ಇಳಿದು ತೋರಿಸಲಿ. ಬೆಂಗಳೂರಿನಲ್ಲಿ ಎಷ್ಟೋ ಜನ ಗಾಡಿ ಹಿಡಿಯಲು ಕಲಿತ ಕಾಡು ಅದು. ಅರಣ್ಯ ಇಲಾಖೆ ಯಾವಾಗ ಒಳಗೆ ಬಿಡುತ್ತದೆ, ಯಾವಾಗ ಬಿಡುವುದಿಲ್ಲ ಎಂಬ ಚಿಂತೆಯಲ್ಲೇ ನಾವಿದ್ದೇವೆ, ಅದರ ಮೇಲೆ ಈ ತಾತ್ಸಾರವೂ ಬೇಕೇ?

ಗಾಳಿಯೇ ಸಾಕು:
ತಾತ್ಸಾರ ಮಾಡಿಲ್ಲ. ನಾನೂ ಅಲ್ಲೇ ಕಲಿತವನು, ಬೆಲ್ ಇಲ್ಲದ ಬಾಡಿಗೆ ಸೈಕಲ್‌ನಲ್ಲಿ. ಶಾಕ್ ಇಲ್ಲದೆಯೇ ಇಳಿಯುತ್ತಿದ್ದೆವು ಎಂದಷ್ಟೇ ನನ್ನ ಮಾತು.

ಸ್ಕ್ವಾಮಿಶ್ ಕನ್ನಡಿಗ:
ನಾನಿರುವುದು ಕೆನಡಾದಲ್ಲಿ, ಬೇಸಿಗೆಯಲ್ಲಿ ವಿಸ್ಲರ್‌ನ ಬೈಕ್ ಪಾರ್ಕಿಗೆ ಹೋಗುತ್ತಿರುತ್ತೇನೆ. ಮೇಷ್ಟ್ರ ಲೆಕ್ಕ ಸರಾಸರಿ ಲಿವರೇಜಿನದು. ಈಗಿನ ಅನೇಕ ಫ್ರೇಮ್‌ಗಳಲ್ಲಿ ಆರಂಭದ ಲಿವರೇಜ್ ಸರಾಸರಿಗಿಂತ ಹೆಚ್ಚು, ಹಾಗಾಗಿ ಸ್ಯಾಗ್ ಲೆಕ್ಕಕ್ಕಿಂತ ಜಾಸ್ತಿಯೇ ಬರುತ್ತದೆ. ನಾನು ಎರಡು ಸ್ಪ್ರಿಂಗ್ ಇಟ್ಟುಕೊಂಡಿದ್ದೇನೆ: ಕಾಡಿನ ಬೇರು, ಹಸಿ ಬಂಡೆಗಳಿಗೆ 425, ಲಿಫ್ಟ್ ಇರುವ ಪಾರ್ಕಿನ ದೊಡ್ಡ ಜಿಗಿತಗಳಿಗೆ 475. ಎರಡನೆಯದಕ್ಕೆ ತೆರಿಗೆ ಸೇರಿ 190 ಡಾಲರ್ ಕೊಟ್ಟಾಗ ಮನೆಯಲ್ಲಿ ಮಾತಾಯಿತು. ಆದರೂ ಕೊಟ್ಟದ್ದು ಸಾರ್ಥಕ. ಸ್ಪ್ರಿಂಗ್ ಮೆತ್ತಗಾದರೆ ಶಾಕ್ ಮೇಲೇಳುವ ವೇಗ ತಡೆಯುವ ರಿಬೌಂಡ್ ಒಂದೆರಡು ಕ್ಲಿಕ್ ತೆರೆಯಲೇಬೇಕು. ಇಲ್ಲದಿದ್ದರೆ ಸಾಲು ಗುಂಡಿಗಳಲ್ಲಿ ಶಾಕ್ ಮೇಲೇಳುವಷ್ಟರಲ್ಲಿ ಮುಂದಿನ ಹೊಡೆತ ಬೀಳುತ್ತದೆ, ಅದು ಕುಗ್ಗುತ್ತಲೇ ಹೋಗುತ್ತದೆ. ಇಳಿಜಾರು ಅವರೇ, ನಿಮ್ಮ ಶಾಕ್ ತಳ ಬಡಿದದ್ದು ಇದರಿಂದಲೇ ಇರಬಹುದು.

ಮಲೆನಾಡ ಇಳಿಜಾರು:
ಮೊದಲು ಫ್ರೇಮ್ ಕೆಟ್ಟದ್ದಾಯಿತು, ಈಗ ರಿಬೌಂಡ್. 190 ಡಾಲರ್‌ಗೆ ಮನೆ ಬಾಗಿಲಿಗೆ ಬರುವ ಊರಿನಲ್ಲಿ ಎರಡೇನು, ನಾಲ್ಕು ಇಟ್ಟುಕೊಳ್ಳಬಹುದು. ಇಲ್ಲಿ ಒಂದನ್ನು ಬಿಡಿಸಿಕೊಳ್ಳಲು ಆಧಾರ್ ಪ್ರತಿ, ಪಾವತಿಯ ಸ್ಕ್ರೀನ್‌ಶಾಟ್, ‘ಇದು ಸೈಕಲ್ ಭಾಗ’ ಎಂದು ಸಹಿ ಹಾಕಿದ ಪತ್ರ ಎಲ್ಲ ಕೊಟ್ಟಿದ್ದೇನೆ.

ಸ್ಕ್ವಾಮಿಶ್ ಕನ್ನಡಿಗ:
ಬಾಗಿಲಿಗೆ ತಾನಾಗಿ ಬರಲಿಲ್ಲ, ದುಡಿದು ಕೊಂಡದ್ದು.

ಕಾವೇರಿ ಕಣಿವೆ:
ಇಬ್ಬರೂ ಸ್ವಲ್ಪ ನಿಲ್ಲಿಸಿ. ತುರಹಳ್ಳಿ ಸವಾರರೇ, ಅಂಗಡಿಯವರು ಮೊದಲು ನನ್ನ ತಲೆಗೆ ಕಟ್ಟಿದ 350 ಮನೆಯಲ್ಲೇ ಬಿದ್ದಿದೆ. 65 ಸ್ಟ್ರೋಕ್‌ನದೇ. ಕೊಳ್ಳುವ ಮೊದಲು ಅದನ್ನು ಹಾಕಿ ಓಡಿಸಿ ನೋಡಿ, ಭಾನುವಾರ ಬೆಳಿಗ್ಗೆ ತರುತ್ತೇನೆ. ನಿಮ್ಮ ಸ್ಪ್ರಿಂಗ್‌ನ ಒಳವ್ಯಾಸ ಅಳೆದು ಇಲ್ಲಿ ಬರೆಯಿರಿ, ಒಂದು ಮಿ.ಮೀ. ಕಡಿಮೆಯಾದರೂ ಶಾಕ್‌ನ ಮೈ ಮೇಲೆ ಕೂರುವುದಿಲ್ಲ.

ಲೆಕ್ಕದ ಮೇಷ್ಟ್ರು:
ಅಳೆಯುವಾಗ ವರ್ನಿಯರ್ ಬಳಸಿ, ಟೇಪ್ ಬೇಡ. ಆ 350 ನಿಜವಾಗಿ ಎಷ್ಟು ಎಂದು ನೋಡಬೇಕಿದ್ದರೆ ಶನಿವಾರ ಪೀಣ್ಯಕ್ಕೆ ತನ್ನಿ.