ಕ್ಯಾಲಿಬ್ರೇಶನ್ ಡಿಜಿಟಲ್ ಆದ್ರೆ ಸೆನ್ಸರ್ ಬಿಚ್ಚೋದು ತಪ್ಪುತ್ತಾ?

ಪ್ರಶ್ನೆ: ಸರ್, ಪೀಣ್ಯದ ಒಂದು ಔಷಧಿ ಗೋಡೌನ್‌ನಲ್ಲಿ ಕ್ವಾಲಿಟಿ ನೋಡ್ಕೋತೀನಿ. ಕೋಲ್ಡ್ ರೂಮ್ 2ರಿಂದ 8 ಡಿಗ್ರಿ ಒಳಗಿರಬೇಕು, 24 ಪಿಟಿ-100 ಸೆನ್ಸರ್ (ಬಿಸಿಗೆ ತಕ್ಕಂತೆ ವಿದ್ಯುತ್ ರೆಸಿಸ್ಟೆನ್ಸ್ ಬದಲಾಗೋ ಪ್ಲಾಟಿನಂ ಸೆನ್ಸರ್) ಇವೆ. ವರ್ಷಕ್ಕೊಂದ್ಸಲ ಕ್ಯಾಲಿಬ್ರೇಶನ್‌ಗೆ, ಅಂದ್ರೆ ನಿಖರ ಉಪಕರಣದ ಜೊತೆ ಹೋಲಿಸಿ ಎಷ್ಟು ತಪ್ಪು ತೋರಿಸ್ತವೆ ಅಂತ ನೋಡೋಕೆ, ಲ್ಯಾಬ್‌ಗೆ ಹೋಗಿ ಬರ್ತವೆ. ಪಿಡಿಎಫ್ ಸರ್ಟಿಫಿಕೇಟ್ ನೋಡ್ಕೊಂಡು ಕರೆಕ್ಷನ್‌ಗಳನ್ನ ನಾನೇ ಎಕ್ಸೆಲ್‌ಗೆ ಹೊಡೀತೀನಿ. ಈ ಸಲ ಆಡಿಟ್‌ನಲ್ಲಿ ಸಿಕ್ಕಿಬಿದ್ದೆ, ಒಂದಕ್ಕೆ ಮೈನಸ್ 0.4 ಬದಲು ಪ್ಲಸ್ 0.4 ಹಾಕಿದ್ದೆ. ಈಗ ಒಬ್ಬ ವೆಂಡರ್ "ಡಿಜಿಟಲ್‌ಗೆ ಬನ್ನಿ, ಸೆನ್ಸರ್ ಬಿಚ್ಚೋದೇ ಬೇಡ" ಅಂತಿದ್ದಾರೆ. ನಂಬಬಹುದಾ?

ಉತ್ತರ: ಅರ್ಧ ನಂಬಿ ಮೇಡಂ.

ಮೊದಲು ನಿಮ್ಮ ಪ್ಲಸ್-ಮೈನಸ್ ವಿಚಾರ. ಸರ್ಟಿಫಿಕೇಟ್‌ನಲ್ಲಿ ಕೆಲವರು 'ಎರರ್' (ಎಷ್ಟು ತಪ್ಪು ತೋರಿಸುತ್ತೆ) ಕೊಡ್ತಾರೆ, ಕೆಲವರು 'ಕರೆಕ್ಷನ್' (ಸರಿಮಾಡೋಕೆ ರೀಡಿಂಗ್‌ಗೆ ಎಷ್ಟು ಕೂಡಿಸಬೇಕು). ಒಂದಕ್ಕೊಂದು ಉಲ್ಟಾ. ನಿಮ್ಮ ಸೆನ್ಸರ್ 0.4 ಜಾಸ್ತಿ ತೋರಿಸ್ತಿತ್ತು, ನೀವು ಇನ್ನೂ 0.4 ಸೇರಿಸಿದ್ರಿ, ಒಟ್ಟು 0.8 ತಪ್ಪು. ಅಂದ್ರೆ ರೂಮ್ 1.5ಕ್ಕೆ ಇಳಿದಿದ್ರೂ ರೆಕಾರ್ಡ್‌ನಲ್ಲಿ 2.3, ಅಲಾರಂ ಹೊಡೆಯೋದೇ ಇಲ್ಲ. ಹದಿನೆಂಟು ವರ್ಷದಿಂದ ಈ ಕೆಲಸದಲ್ಲಿದ್ದೀನಿ, ಸೆನ್ಸರ್ ಕೆಟ್ಟಿದ್ದಕ್ಕಿಂತ ಕೈಬರಹ ಕೆಟ್ಟಿದ್ದೇ ಹೆಚ್ಚು ನೋಡಿದ್ದೀನಿ.

ಡಿಜಿಟಲ್ ಉಪಯೋಗಕ್ಕೆ ಬರೋದು ಇಲ್ಲೇ. ಜರ್ಮನಿಯ ರಾಷ್ಟ್ರೀಯ ಮಾಪನ ಸಂಸ್ಥೆ ಪಿಟಿಬಿ ಮುಂದೆ ನಿಂತು ಡಿಜಿಟಲ್ ಕ್ಯಾಲಿಬ್ರೇಶನ್ ಸರ್ಟಿಫಿಕೇಟ್ ಅಂತ ಒಂದು ನಮೂನೆ ಮಾಡಿದೆ. ಅದು ಎಕ್ಸ್‌ಎಂಎಲ್ ಫೈಲ್. ರೀಡಿಂಗ್, ಯೂನಿಟ್, ಅನ್‌ಸರ್ಟೆನ್ಟಿ (ಅಳತೆ ಎಷ್ಟು ಆಚೀಚೆ ಇರಬಹುದು ಅನ್ನೋದು) ಎಲ್ಲಾ ಕಂಪ್ಯೂಟರ್ ನೇರವಾಗಿ ಓದುತ್ತೆ, ನೀವು ಹೊಡೆಯೋ ಮಾತೇ ಇಲ್ಲ.

'ಬಿಚ್ಚೋದೇ ಬೇಡ' ಅನ್ನೋದು ಬೇರೆ. ತಾನೇ ಚೆಕ್ ಮಾಡ್ಕೊಳ್ಳೋ ಸೆನ್ಸರ್‌ಗಳು ಇರೋದು ನಿಜ. ಒಳಗಿರೋ ವಸ್ತುವಿನ ಗುಣ ಸುಮಾರು 118 ಡಿಗ್ರಿಯಲ್ಲಿ ಬದಲಾಗುತ್ತೆ, ಅದನ್ನೇ ಗುರುತು ಇಟ್ಕೋತವೆ. ಸ್ಟೀಮ್ ಹಾಯಿಸೋ ಟ್ಯಾಂಕ್‌ಗೆ ಸರಿ. ನಿಮ್ಮ ಕೋಲ್ಡ್ ರೂಮ್ 118ಕ್ಕೆ ಹೋದ್ರೆ ಕ್ಯಾಲಿಬ್ರೇಶನ್ ಅಲ್ಲ, ಫೈರ್ ಎಂಜಿನ್ ಬೇಕು.

ಪ್ರಶ್ನೆ: ನಮ್ಮ ಪಿಡಿಎಫ್‌ಗೆ ಡಿಜಿಟಲ್ ಸಹಿ ಇದೆ ಸರ್, ಅದು ಸಾಲದಾ?

ಉತ್ತರ: ಸಹಿ ಇದ್ರೆ ಯಾರೂ ತಿದ್ದಿಲ್ಲ ಅಂತ ಗೊತ್ತಾಗುತ್ತೆ, ಅಷ್ಟೆ. ಅಂಕಿ ಹೊಡೆಯೋರು ಇನ್ನೂ ನೀವೇ. ಲ್ಯಾಬ್‌ನವರನ್ನ ಡೇಟಾ ಫೈಲ್ ಕೇಳಿ. ಎಕ್ಸ್‌ಎಂಎಲ್ ಇಲ್ಲ ಅಂದ್ರೆ ಎಕ್ಸೆಲ್ ನೇರವಾಗಿ ತೆರೆಯೋ ಸಿಎಸ್‌ವಿ ಫೈಲ್ ಆದ್ರೂ ಕೊಡಲಿ. ಜೊತೆಗೆ ಮೂರು ತಿಂಗಳಿಗೊಮ್ಮೆ ಐಸ್ ಚೆಕ್ ಮಾಡಿ. ಡಿಸ್ಟಿಲ್ಡ್ ವಾಟರ್‌ನ ಐಸ್ ಪುಡಿ ಮಾಡಿ ಥರ್ಮೋಸ್ ಫ್ಲಾಸ್ಕ್ ತುಂಬಾ ಹಾಕಿ, ಸಂದು ತುಂಬೋವಷ್ಟು ತಣ್ಣಗಿನ ಡಿಸ್ಟಿಲ್ಡ್ ವಾಟರ್ ಬಿಡಿ. ಐಸ್ ತೇಲಬಾರದು, ತಳದವರೆಗೂ ಇರಬೇಕು. ಸೆನ್ಸರ್ ಆಳಕ್ಕೆ ಇಳಿಸಿ ಇಪ್ಪತ್ತು ನಿಮಿಷ ಕಾಯಿರಿ, ಡಿಸ್‌ಪ್ಲೇ ಸೊನ್ನೆ ಡಿಗ್ರಿ ತೋರಿಸಬೇಕು.

ಇನ್ನೊಬ್ಬ ಸದಸ್ಯರು: ಕುದಿಯೋ ನೀರಲ್ಲಿ 100 ನೋಡಿದ್ರೆ ಸುಲಭ ಅಲ್ವಾ?

ಉತ್ತರ: ಮಂಗಳೂರಲ್ಲಾದ್ರೆ ಹತ್ತಿರ ಬರುತ್ತೆ ಸ್ವಾಮಿ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಇಲ್ಲಿ ನೀರು ಸುಮಾರು 97ಕ್ಕೇ ಕುದಿಯುತ್ತೆ.

ಪ್ರಶ್ನೆ ಕೇಳಿದವರು, ನಾಲ್ಕು ದಿನ ಬಿಟ್ಟು: ಐಸ್ ಚೆಕ್ ಮಾಡಿದ್ವಿ ಸರ್. 11ನೇ ಸೆನ್ಸರ್ 0.9 ತೋರಿಸ್ತಿದೆ. ಎರಡು ತಿಂಗಳ ಹಿಂದೆ ಬಂದ ಸರ್ಟಿಫಿಕೇಟ್‌ನಲ್ಲಿ ಸರಿಯಾಗೇ ಇತ್ತು!

ಉತ್ತರ: ಲ್ಯಾಬ್‌ಗೆ ಹೋಗಿದ್ದು ಸೆನ್ಸರ್ ಮಾತ್ರ, ವೈರ್ ನಿಮ್ಮಲ್ಲೇ ಇತ್ತಲ್ಲ. ಪಿಟಿ-100ರಲ್ಲಿ 0.9 ಡಿಗ್ರಿ ಅಂದ್ರೆ ಬರೀ 0.35 ಓಮ್. ವೈರ್‌ನ ರೆಸಿಸ್ಟೆನ್ಸೇ ಅಷ್ಟು ಸೇರಿಸಿಬಿಡಬಹುದು, ಅದನ್ನ ಕಳೆಯೋಕೇ ಮೂರನೇ ವೈರ್ ಇರೋದು. ಡಿಸ್‌ಪ್ಲೇವರೆಗೆ ಮೂರು ವೈರ್ ಬಂದಿದೆಯಾ ನೋಡಿ.

ಪ್ರಶ್ನೆ ಕೇಳಿದವರು: ಎರಡೇ ಇದೆ ಸರ್. ಪ್ಯಾನೆಲ್ ಜಾಗ ಬದಲಾಯಿಸಿದಾಗ ಎಲೆಕ್ಟ್ರಿಶಿಯನ್ ಕೇಬಲ್ ಸಾಲದೆ ಮೂರನೇದನ್ನ ಬಿಟ್ಟು, ಡಿಸ್‌ಪ್ಲೇ ಟರ್ಮಿನಲ್‌ನಲ್ಲೇ ಜಂಪರ್ (ಎರಡು ಟರ್ಮಿನಲ್ ಸೇರಿಸೋ ತುಂಡು ವೈರ್) ಹಾಕಿದ್ದಾನೆ.